ಮೂರು ಹೊಸ ಪಂಪು, ಒಂದು ಸ್ಟೀಲ್ ಪಟ್ಟಿ

ಆ ಕಾರು ನಮ್ಮ ಶೆಡ್ಡಿಗೆ ಬಂದದ್ದು ಹಗ್ಗದ ತುದಿಯಲ್ಲಿ. ಮುಂದೆ ಒಂದು ಗೂಡ್ಸ್ ಗಾಡಿ, ಹಿಂದೆ ‘ಎಲ್’ ಬೋರ್ಡಿನ ಚಿಕ್ಕ ಕಾರು. ಅದರ ಸ್ಟೀರಿಂಗ್ ಹಿಡಿದು ಕೂತವರು ಭದ್ರಾವತಿಯಲ್ಲಿ ಹೆಂಗಸರಿಗಾಗಿ ಡ್ರೈವಿಂಗ್ ಸ್ಕೂಲ್ ನಡೆಸುವ ಮೇಡಂ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಹಗ್ಗ ಕಟ್ಟಿಸಿಕೊಂಡು ಬರುವ ಗಾಡಿಗಳಿಗೆ ಬರವಿಲ್ಲ. ಆದರೆ ಬಾನೆಟ್ ಎತ್ತಿ ಕೀ ತಿರುಗಿಸಿದರೆ ಇಂಜಿನ್ ಒಂದೇ ಏಟಿಗೆ ಹಿಡಿಯಿತು.

“ಸ್ಟಾರ್ಟ್ ಆಗುತ್ತಲ್ಲ ಮೇಡಂ, ಓಡಿಸ್ಕೊಂಡೇ ಬರಬಹುದಿತ್ತು” ಅಂದೆ.

“ಬಿಸಿಯಾದ ಮೇಲೆ ಆಯಿಲ್ ಲೈಟು ಬರ್ತಿದೆ ಮೇಸ್ತ್ರಿ. ಕೆಂಪು ಲೈಟು ಬಂದ್ರೆ ಅಲ್ಲೇ ಆಫ್ ಮಾಡಿ ಅಂತ ಮೊದಲನೇ ಕ್ಲಾಸಲ್ಲೇ ಹೇಳ್ಕೊಡೋಳು ನಾನು. ಈಗ ನಾನೇ ಇಪ್ಪತ್ತು ಕಿಲೋಮೀಟರ್ ಓಡಿಸ್ಕೊಂಡು ಬಂದ್ರೆ ಚೆನ್ನಾಗಿರುತ್ತಾ?”

ಅವರಿಗಿದ್ದದ್ದು ಆ ಒಂದೇ ಕಾರು. ಎಡಗಡೆಯ ಸೀಟಿನ ಮುಂದೆಯೂ ಕ್ಲಚ್ಚು, ಬ್ರೇಕು ಹಾಕಿಸಿ, ಕಲಿಸುವ ಗಾಡಿ ಅಂತ ಆರ್.ಸಿ. ಪುಸ್ತಕದಲ್ಲಿ ಬರೆಸಿಕೊಂಡ ಕಾರು. ಮುಂದಿನ ಸೋಮವಾರ ಸ್ಕೂಲಿನ ಲೈಸೆನ್ಸ್ ನವೀಕರಣಕ್ಕೆ ಆರ್.ಟಿ.ಓ. ಸಾಹೇಬರು ಬಂದು ಗಾಡಿ ನೋಡುವವರಿದ್ದರು. ಗಾಡಿ ಇಲ್ಲದಿದ್ದರೆ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇಲ್ಲದಿದ್ದರೆ ಸ್ಕೂಲಿನ ಬೋರ್ಡು ಇಳಿಸಬೇಕು. ಭದ್ರಾವತಿಯಲ್ಲಿ ಒಬ್ಬ ಮೆಕ್ಯಾನಿಕ್ ಆಗಲೇ ನೋಡಿ, ಕ್ರ್ಯಾಂಕಿನ ಬೇರಿಂಗ್ ಸವೆದಿದೆ, ಇಂಜಿನ್ ಇಳಿಸಬೇಕು, ಇಪ್ಪತ್ತು ದಿನ ಬೇಕು ಅಂದಿದ್ದರಂತೆ. ಮೇಡಂ ನನ್ನ ಹತ್ತಿರ ಬಂದದ್ದು ಒಂದೇ ಪ್ರಶ್ನೆ ಇಟ್ಟುಕೊಂಡು: ಇಂಜಿನ್ ಇಳಿಸದೆ ಆಗುತ್ತಾ?

“ಇದು ಹ್ಯಾಗೆ ಶುರುವಾಯ್ತು ಅಂದ್ರೆ ಮೇಸ್ತ್ರಿ...” ಅಂತ ಅವರು ಬಾಯಿ ತೆರೆದರು.

“ಅದೆಲ್ಲ ಬೇಡ ಮೇಡಂ. ಇಂಜಿನ್ ನನಗೇ ಹೇಳುತ್ತೆ” ಅಂದೆ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆದರೆ ಇಂಜಿನ್ ವಿಷಯದಲ್ಲಿ ಇನ್ನೊಬ್ಬರ ಪಾಠ ಕೇಳಿ ಎಷ್ಟೋ ವರ್ಷವಾಗಿತ್ತು. ಆ ಮಾತು ಆಡುವ ಹಕ್ಕು ನನಗಿದೆ ಅಂತಲೇ ಅಂದುಕೊಂಡಿದ್ದೆ.

ಮೊದಲು ಇಂಜಿನ್ನಿಗೆ ಕೂರಿಸಿದ ಆಯಿಲ್ ಲೈಟಿನ ಸ್ವಿಚ್ಚು ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಸಿಕ್ಕಿಸಿದೆ. ಲೈಟು ಸುಳ್ಳು ಹೇಳಬಹುದು, ಸ್ವಿಚ್ಚು ಕೆಟ್ಟಿರಬಹುದು, ಗೇಜಿನ ಸೂಜಿ ಹೇಳಿದ್ದು ನಿಜ. ತಣ್ಣಗಿದ್ದಾಗ ಸೂಜಿ ಮೂರು ಕೆ.ಜಿ. ಪ್ರೆಶರ್ ತೋರಿಸಿ ನಿಂತಿತು. ಇಪ್ಪತ್ತು ನಿಮಿಷ ಬಿಟ್ಟೆ. ಇಂಜಿನ್ ಕಾದು ಫ್ಯಾನ್ ಎರಡು ಸಲ ತಿರುಗಿದ ಮೇಲೆ, ನಿಂತಲ್ಲೇ ಓಡುವ ನಿಧಾನದಲ್ಲಿ, ಒಂದಾದರೂ ತೋರಿಸಬೇಕಾದ ಸೂಜಿ ಅರ್ಧ ಕೆ.ಜಿ.ಗಿಂತ ಕೆಳಗೆ ಬಂದು ನಡುಗತೊಡಗಿತು. ಹಳೆಯ ಗೇಜ್, ನಡುಗದೆ ಏನು ಮಾಡೀತು ಅಂದುಕೊಂಡೆ. ಆ ನಡುಕವನ್ನು ಅಲ್ಲೇ ಬಿಟ್ಟು ಮುಂದೆ ಹೋದೆ.

ಪ್ರೆಶರ್ ಕಡಿಮೆಯಾಗಲು ಮುಖ್ಯ ಕಾರಣ ಎರಡು. ಒಂದು, ಎಣ್ಣೆಯನ್ನು ಒತ್ತುವ ಪಂಪು ಸವೆದಿರಬೇಕು. ಇಲ್ಲ, ಆ ಎಣ್ಣೆ ಹೋಗಿ ಸೇರುವ ಬೇರಿಂಗುಗಳು ಸವೆದು ಎಣ್ಣೆ ಸೋರಿಹೋಗುತ್ತಿರಬೇಕು. ಪಂಪಾದರೆ ಎರಡು ದಿನದ ಕೆಲಸ. ಬೇರಿಂಗಾದರೆ ಇಂಜಿನ್ ಕೆಳಗಿಳಿಯಬೇಕು, ಸೋಮವಾರ ತಪ್ಪಿತು. ಬೇರಿಂಗ್ ಹೋದ ಇಂಜಿನ್ನಿಗೆ ಆಕ್ಸಿಲರೇಟರ್ ಒತ್ತಿದಾಗ ಒಳಗಿಂದ ಗುದ್ದುವ ಸದ್ದು ಬರುತ್ತದೆ. ಈ ಇಂಜಿನ್ನಿನಲ್ಲಿ ಆ ಸದ್ದಿರಲಿಲ್ಲ.

“ಪಂಪೇ ಮೇಡಂ. ಶನಿವಾರ ಗಾಡಿ ತಗೊಂಡ್ಹೋಗಿ” ಅಂದೆ.

ಬುಧವಾರ ಎಣ್ಣೆ ಇಳಿಸಿ, ಬೆಲ್ಟು, ಪುಲ್ಲಿ ಬಿಚ್ಚಿ, ಇಂಜಿನ್ನಿನ ತಳದ ಎಣ್ಣೆ ಪಾತ್ರೆಯನ್ನು ಕೆಳಗಿಳಿಸಿದೆ. ನಾವು ಅದನ್ನು ಚೇಂಬರ್ ಅನ್ನುತ್ತೇವೆ. ಚೇಂಬರಿನ ತಳದಲ್ಲಿ ಅಂಗೈಯಗಲ ತಗ್ಗಾಗಿತ್ತು. ನಮ್ಮ ರಸ್ತೆಗಳಲ್ಲಿ ಓಡಿದ ಯಾವ ಕಾರಿನ ಚೇಂಬರಿನಲ್ಲಿ ತಗ್ಗಿಲ್ಲ? ಮರದ ಸುತ್ತಿಗೆಯಲ್ಲಿ ಒಳಗಿಂದ ಬಡಿದು ಸರಿಮಾಡಿದೆ, ಕೆಲಸ ಚೆನ್ನಾಗಿ ಬಂತು ಅಂತ ಒಂದು ಸಲ ಸವರಿಯೂ ನೋಡಿದೆ. ಎಣ್ಣೆ ಹೀರುವ ಕೊಳವೆ ತೆಗೆದು ಅದರ ಬಾಯಿಯ ಜಾಲರಿ ತೊಳೆದಿಟ್ಟೆ. ಆಮೇಲೆ ಪಂಪು ಬಿಚ್ಚಿದೆ.

ಆ ಕಾರಿನ ಪಂಪು ಕ್ರ್ಯಾಂಕಿನ, ಅಂದರೆ ಇಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡದ, ಮೂತಿಯ ಮೇಲೆ ಕೂರುತ್ತದೆ. ಹಿಂಬದಿಯ ತಗಡು ತೆಗೆದರೆ ಅಲ್ಯೂಮಿನಿಯಂ ಗುಂಡಿಯೊಳಗೆ ಎರಡು ಉಕ್ಕಿನ ಚಕ್ರ: ಹಲ್ಲಿರುವ ಒಳಚಕ್ರ, ಅದನ್ನು ಸುತ್ತಿಕೊಂಡ ಹೊರಚಕ್ರ. ಎರಡೂ ಒಂದಕ್ಕೊಂದು ಉರುಳುವಾಗ ನಡುವಿನ ಸಂದು ಹಿಗ್ಗಿ ಎಣ್ಣೆ ಎಳೆದುಕೊಳ್ಳುತ್ತದೆ, ಕುಗ್ಗಿ ಹೊರಗೆ ದೂಡುತ್ತದೆ. ಹೊರಚಕ್ರದ ಮೇಲೊಂದು ಚುಕ್ಕೆ ಇರುತ್ತದೆ. ಅದು ಯಾವ ಕಡೆಗಿತ್ತು ಅಂತ ನೋಡಿಟ್ಟುಕೊಳ್ಳದೆ ಕೈ ಹಾಕಬಾರದು. ಮಗುಚಿ ಹಾಕಿದರೆ ಸವೆದು ಹೊಂದಿಕೊಂಡ ಮೈಗಳು ಅದಲು ಬದಲಾಗುತ್ತವೆ. ಪೆಟ್ರೋಲಿನಲ್ಲಿ ತೊಳೆದು, ಗಾಳಿ ಹೊಡೆದು, ಬಟ್ಟೆ ಮುಟ್ಟಿಸದೆ ಒಣಗಿಸಿದೆ. ಬಟ್ಟೆಯ ಒಂದು ಎಳೆ ಸಿಕ್ಕಿದರೂ ಅಳತೆ ಕೆಡುತ್ತದೆ.

ಅಳತೆ ಮೂರು. ಹೊರಚಕ್ರಕ್ಕೂ ಗುಂಡಿಯ ಗೋಡೆಗೂ ನಡುವಿನ ಸಂದು ಮೊದಲನೆಯದು. ಫೀಲರ್ ಗೇಜಿನ ತೆಳು ತಗಡುಗಳನ್ನು ಒಂದೊಂದಾಗಿ ತೂರಿಸಿದೆ. ಮಿತಿಯೊಳಗಿತ್ತು. ಎರಡನೆಯದು ಹಲ್ಲಿನ ತುದಿಯ ಸಂದು. ಅದೂ ಸರಿ. ಮೂರನೆಯದು ಮೇಲಿನ ಸಂದು. ಗುಂಡಿಯ ಅಂಚಿನ ಮೇಲೆ ಒಂದು ನೇರ ಪಟ್ಟಿಯನ್ನು ಅಡ್ಡ ಇಟ್ಟು, ಚಕ್ರಗಳು ಆ ಮಟ್ಟಕ್ಕಿಂತ ಎಷ್ಟು ಕೆಳಗಿವೆ ಅಂತ ನೋಡುವುದು. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಹದಿನೈದು ಪಾಲು ಮಿತಿ. ನಾವು ಬರೀ ‘ಹದಿನೈದು’ ಅಂತೇವೆ.

ನನ್ನ ಸ್ಟೀಲ್ ಪಟ್ಟಿ ನನಗೆ ಮೆಕ್ಯಾನಿಕ್ ಕೆಲಸ ಕಲಿಸಿದ ಗುರುಗಳು ಕೊಟ್ಟದ್ದು. ಎಂಟು ಇಂಚು ಉದ್ದ, ಕನ್ನಡಿಯ ಹಾಗೆ ಹೊಳೆಯುತ್ತದೆ. ಇಟ್ಟೆ, ತಗಡು ತೂರಿಸಿದೆ. ಹದಿನೈದು ಸಲೀಸಾಗಿ ಹೋಯಿತು. ಹದಿನೆಂಟೂ ಹೋಯಿತು. ಇಪ್ಪತ್ತು ಸ್ವಲ್ಪ ಬಿಗಿಯಾಗಿ ಹೋಯಿತು. ಪಂಪು ಮುಗಿದಿತ್ತು.

ಅದರಲ್ಲಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಈಚಿನ ವರ್ಷಗಳಲ್ಲಿ ನನ್ನ ಕೈಗೆ ಬಂದ ಪಂಪುಗಳಲ್ಲಿ ಹೆಚ್ಚಿನವು ಈ ಮೂರನೇ ಅಳತೆಯಲ್ಲೇ ಬೀಳುತ್ತಿದ್ದವು. ಈಗಿನ ಉಕ್ಕಿನಲ್ಲಿ ಸತ್ವ ಇಲ್ಲ ಅಂತ ಟೀ ಅಂಗಡಿಯಲ್ಲಿ ಎಷ್ಟು ಸಲ ಭಾಷಣ ಮಾಡಿದ್ದೆನೋ.

ಗುರುವಾರ ಬೆಳಿಗ್ಗೆ ಹೊಸ ಪಂಪು ಹುಡುಕಿಕೊಂಡು ಬಸ್ ಸ್ಟ್ಯಾಂಡ್ ಕಡೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಆ ಮಾದರಿಯ ಕಾರು ತಯಾರಾಗುವುದು ನಿಂತು ಕಾಲವಾಯಿತು. ಅಂಗಡಿಯ ಭಾಯಿ ಏಣಿ ಹತ್ತಿ ಅಟ್ಟ ತಡಕಾಡಿ ಧೂಳು ಹಿಡಿದ ಮೂರು ಡಬ್ಬಿ ಇಳಿಸಿದರು. “ನಿಮ್ಮ ನಸೀಬು. ಅಸಲಿ ಮಾಲು” ಅಂದರು. ಒಂದು ಡಬ್ಬಿ ತಂದೆ.

ಹೊಸದೇ ಆಗಲಿ, ಅಳತೆ ನೋಡದೆ ನಾನು ಯಾವುದನ್ನೂ ಇಂಜಿನ್ನಿಗೆ ಕೂರಿಸುವುದಿಲ್ಲ. ಅದೊಂದು ಅಭ್ಯಾಸ. ಹಿಂಬದಿ ತಗಡು ಬಿಚ್ಚಿ ಪಟ್ಟಿ ಇಟ್ಟು ನೋಡಿದರೆ ಹದಿನಾರು! ಡಬ್ಬಿಯಿಂದ ಈಗಷ್ಟೇ ಹೊರಬಂದ, ಒಂದು ತೊಟ್ಟು ಎಣ್ಣೆ ಕಾಣದ ಪಂಪು ಮಿತಿ ದಾಟಿದೆ. ರಕ್ತ ತಲೆಗೇರಿತು. ಪಂಪು, ಪಟ್ಟಿ, ಫೀಲರ್ ಗೇಜ್ ಮೂರನ್ನೂ ಬ್ಯಾಗಿಗೆ ಹಾಕಿಕೊಂಡು ಮತ್ತೆ ಅಂಗಡಿಗೆ ಹೋದೆ.

“ಅಸಲಿ ಮಾಲು ಅಂದ್ರಿ. ಇದೇನು ಭಾಯ್, ಡೂಪ್ಲಿಕೇಟ್ ತುರುಕ್ತೀರಾ ನನಗೆ?”

ಕೌಂಟರಿನಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು. ಭಾಯಿ ದನಿ ಏರಿಸಲಿಲ್ಲ. “ಅಳತೆ ಮಾಡಿ ತೋರ್ಸಿ” ಅಂದರು. ತೋರಿಸಿದೆ. ಹದಿನೈದರ ತಗಡು ಎಲ್ಲರ ಕಣ್ಣೆದುರೇ ಸರಕ್ಕನೆ ಹೋಯಿತು.

“ಇದನ್ನ ನೋಡಿ” ಅಂತ ಎರಡನೇ ಡಬ್ಬಿ ಮುಂದೆ ಇಟ್ಟರು. ಸೀಲು ನಾನೇ ಹರಿದೆ. ಹದಿನಾರು. ಮೂರನೆಯದರ ಸೀಲೂ ಹರಿದೆ. ಅದೂ ಹದಿನಾರು.

ಭಾಯಿ ಮೂರು ಪಂಪುಗಳನ್ನೂ ಸಾಲಾಗಿ ಜೋಡಿಸಿಟ್ಟು ನನ್ನ ಮುಖ ನೋಡಿದರು. “ಮಾರಾಯ್ರೆ, ಮೂರೂ ಪಂಪನ್ನ ಕಂಪನಿಯೋರು ಮೊದಲು ಓಡ್ಸಿ, ಸವೆಸಿ, ಆಮೇಲೆ ಪ್ಯಾಕ್ ಮಾಡಿದಾರಾ? ನಿಮ್ಮ ಆ ಪಟ್ಟಿ ಒಂದ್ಸಲ ಯಾರಿಗಾದ್ರೂ ತೋರ್ಸಿ.”

ಹಿಂದೆ ನಿಂತವನೊಬ್ಬ ಕಿಸಕ್ಕನೆ ನಕ್ಕ. “ಈ ಪಟ್ಟಿ ಯಾರದ್ದು ಗೊತ್ತಾ ನಿಮಗೆ?” ಅಂತ ನಾನು ಗುರುಗಳ ಹೆಸರು ಹೇಳಿದೆ. “ದೊಡ್ಡ ಮನುಷ್ಯರು. ಅವರ ಮೇಲೆ ನನಗೇನೂ ಶಿಕಾಯತ್ ಇಲ್ಲ. ನಾನು ಹೇಳಿದ್ದು ಪಟ್ಟಿ ವಿಷಯ” ಅಂದರು ಭಾಯಿ.

ಸಿಟ್ಟಿನಲ್ಲೇ ಶೆಡ್ಡಿಗೆ ಬಂದೆ. ಮಧ್ಯಾಹ್ನದ ಊಟ ಸೇರಲಿಲ್ಲ. ಒಂದು ಪಂಪು ಕೆಟ್ಟದ್ದಿರಬಹುದು, ಒಪ್ಪಿದೆ. ಎರಡು ಕೆಟ್ಟಿದ್ದರೆ ಎರಡಕ್ಕೂ ಬೇರೆ ಬೇರೆ ಅಳತೆ ಬರಬೇಕಿತ್ತು. ಮೂರೂ ಹದಿನಾರೇ ಬರುವುದೆಂದರೆ? ನೆರೆಯ ಲೇತ್ ಅಂಗಡಿಯಿಂದ ಒಂದು ಸ್ಕೇಲು ತಂದು ನನ್ನ ಪಟ್ಟಿಗೆ ಅಂಚಿಗಂಚು ಸೇರಿಸಿ ಬೆಳಕಿಗೆ ಹಿಡಿದೆ. ನಡುವೆ ಬೆಳಕು ಕಂಡಿತು. ಯಾವುದು ಡೊಂಕು, ನನ್ನದೋ ಅವರದೋ? ಆ ಸ್ಕೇಲು ಅಳತೆಗಿಂತ ಹೆಚ್ಚಾಗಿ ಬೆನ್ನು ತುರಿಸಿಕೊಳ್ಳುವುದಕ್ಕೇ ಬಳಕೆಯಾಗುತ್ತಿದ್ದದ್ದು. ಅದನ್ನು ನಂಬಿ ಗುರುಗಳ ಪಟ್ಟಿಯನ್ನು ತಪ್ಪು ಅನ್ನಲು ಮನಸ್ಸು ಬರಲಿಲ್ಲ.

ಶುಕ್ರವಾರ ಮೊದಲನೇ ಬಸ್ಸಿಗೆ ಭದ್ರಾವತಿಗೆ ಹೋದೆ. ಅಲ್ಲಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಒಬ್ಬ ಅಜ್ಜ ಇದ್ದಾರೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಯಾರನ್ನೇ ಆಗಲಿ ‘ತಂಬಿ’ ಅಂತಲೇ ಕರೆಯುತ್ತಾರೆ. ಅವರ ಹಿತ್ತಿಲ ಜಗಲಿಯ ಮೇಲೆ ಎರಕದ ಕಬ್ಬಿಣದ ಒಂದು ಸರ್ಫೇಸ್ ಪ್ಲೇಟ್ ಇದೆ. ಕೂದಲೆಳೆಯಷ್ಟೂ ಉಬ್ಬು ತಗ್ಗಿಲ್ಲದ ಹಲಗೆ ಅದು. ಮೇಲೆ ಕಂಬಳಿ, ಅದರ ಮೇಲೆ ಮರದ ಮುಚ್ಚಳ. ಮೊಮ್ಮಕ್ಕಳು ಅದರ ಮೇಲೆ ಕೂತರೆ ಬೆತ್ತ.

ಅಜ್ಜ ಪಟ್ಟಿಯನ್ನು ತಿರುಗಿಸಿ ನೋಡಿದರು. “ಒಳ್ಳೆ ಸಾಮಾನು. ಹಳೇ ಕಾಲದ್ದು” ಅಂದರು. ನನಗೆ ಸ್ವಲ್ಪ ಜೀವ ಬಂತು. ಪ್ಲೇಟಿನ ಮೇಲೆ ನೀಲಿ ಬಣ್ಣವನ್ನು ಬೆರಳ ತುದಿಯಲ್ಲಿ ತೆಳ್ಳಗೆ ಹರಡಿ, ಪಟ್ಟಿಯ ಅಂಚನ್ನು ಅದರ ಮೇಲೆ ಇಟ್ಟು ಒಂದಿಷ್ಟು ಜರುಗಿಸಿ ಎತ್ತಿದರು. ನೇರವಾಗಿದ್ದರೆ ಅಂಚಿನುದ್ದಕ್ಕೂ ನೀಲಿ ಹತ್ತಬೇಕು. ಎರಡು ತುದಿಯಲ್ಲಿ ಮಾತ್ರ ಹತ್ತಿತ್ತು. ನಡುವೆ ಮೂರು ಇಂಚು ಬೆಳ್ಳಗೆ ಹಾಗೇ ಇತ್ತು. ಫೀಲರ್ ತಗಡು ಕೇಳಿ ಆ ಜಾಗದಲ್ಲಿ ತೂರಿಸಿದರು. ಹತ್ತರ ತಗಡು ಹೋಯಿತು.

“ನಡುವೆ ಹೊಟ್ಟೆ ಒಳಗೆ ಹೋಗಿದೆ ತಂಬಿ. ಹತ್ತು. ನೀನು ಅಳೆದದ್ರಲ್ಲೆಲ್ಲ ಹತ್ತು ಕಳೆದುಬಿಡು.”

ಇಪ್ಪತ್ತರಲ್ಲಿ ಹತ್ತು ಹೋದರೆ ಹತ್ತು. ಮೇಡಂ ಕಾರಿನ ಪಂಪು ಸರಿಯಾಗಿಯೇ ಇತ್ತು. ಅಟ್ಟದ ಮೇಲಿನ ಮೂರು ಪಂಪುಗಳೂ ಆರು, ಆರು, ಆರು.

“ಬಿದ್ದಿಲ್ಲ, ಬಗ್ಗಿಲ್ಲ ಅಜ್ಜ. ಬಟ್ಟೇಲಿ ಸುತ್ತಿ ಇಡ್ತೀನಿ. ಇದರಲ್ಲಿ ಅಳತೆ ಬಿಟ್ರೆ ಬೇರೆ ಏನೂ ಮಾಡಲ್ಲ” ಅಂದೆ.

“ಇಷ್ಟು ಹೊಳಪು ಹ್ಯಾಗೆ ಬಂತು?”

“ಆಯುಧ ಪೂಜೆಗೆ ತೊಳೀತೀನಲ್ಲ.”

“ನೀರಲ್ಲಾ?”

“ಎಮರಿ ಪೇಪರಲ್ಲಿ, ತಿಕ್ಕಿ ತಿಕ್ಕಿ. ಗುರುಗಳ ಪಟ್ಟಿ ಅಂತ ಎಲ್ಲ ಸಾಮಾನಿಗಿಂತ ಮುಂದೆ ನಿಲ್ಲಿಸ್ತೀನಿ. ನಡುವೆ ವಿಭೂತಿ ಬಳೀತೀವಿ, ಕುಂಕುಮ ಇಡ್ತೀವಿ. ಒದ್ದೆ ಕೈಯಲ್ವಾ, ಮುಂದಿನ ವರ್ಷಕ್ಕೆ ಆ ಜಾಗದಲ್ಲಿ ತುಕ್ಕು ಕಾಣುತ್ತೆ. ಅದನ್ನ ಅಂಚೂ ಸೇರಿಸಿ ಚೆನ್ನಾಗಿ ಉಜ್ಜಿ...”

ಹೇಳುತ್ತಲೇ ನನಗೇ ಹೊಳೆಯಿತು. ಅಜ್ಜ ಮೊದಲು ತಡೆದುಕೊಂಡರು, ಆಮೇಲೆ ಕೆಮ್ಮು ಬರುವಷ್ಟು ನಕ್ಕರು. “ಅಯ್ಯೋ ತಂಬಿ, ಭಕ್ತಿಯಲ್ಲೇ ಸವೆಸಿದೀಯಲ್ಲೋ! ಇಂಜಿನ್ ಸವೆದ್ರೆ ಎಣ್ಣೆ ಇಲ್ಲ ಅನ್ನಬಹುದು. ಇದಕ್ಕೆ ಏನಂತೀಯ?”

ಮೂರು ಬೆರಳಲ್ಲಿ ವಿಭೂತಿ ಎಳೆದರೆ ಎಷ್ಟು ಅಗಲವಾಗುತ್ತದೋ, ಪಟ್ಟಿಯ ಹಳ್ಳ ಹೆಚ್ಚು ಕಡಿಮೆ ಅಷ್ಟೇ ಅಗಲ ಇತ್ತು. ವರ್ಷಕ್ಕೊಂದು ಸಲ ಉಜ್ಜಿದ್ದು ನಾನು, ನನ್ನದೇ ಹೆಬ್ಬೆರಳಿನಲ್ಲಿ. ಅಜ್ಜ ಒಳಗೆ ಹೋಗಿ ತಮ್ಮದೊಂದು ಪಟ್ಟಿ ತಂದು ಕೈಗಿಟ್ಟರು. “ಕೆಲಸ ಮುಗಿಸಿ ತಂದ್ಕೊಡು. ಇದಕ್ಕೆ ಪೂಜೆ ಬೇಡ, ಎಣ್ಣೆ ಸವರಿದ್ರೆ ಸಾಕು.”

ಅಜ್ಜನ ಮನೆಯಿಂದ ಡ್ರೈವಿಂಗ್ ಸ್ಕೂಲಿಗೆ ನಡೆದು ಹೋಗುವಷ್ಟು ದೂರ. ಆ ದಾರಿಯಲ್ಲಿ ಎರಡು ಯೋಚನೆ ಬಂದವು. ಪಂಪು ಸರಿಯಿದ್ದರೆ ಉಳಿದದ್ದು ಬೇರಿಂಗು. ಭದ್ರಾವತಿಯ ಮೆಕ್ಯಾನಿಕ್ ಹೇಳಿದ್ದೇ ನಿಜವಾಗಿ ಸ್ಕೂಲು ಹೋಗುತ್ತದೆ. ಇನ್ನೊಂದು, ಯಾರಿಗೂ ಏನೂ ಹೇಳದೆ ಹೊಸ ಪಂಪನ್ನೇ ಕೂರಿಸಿಬಿಡುವುದು. ಮೇಡಂಗೆ ಹೇಳಿದ ಮಾತೂ ಉಳಿಯುತ್ತದೆ, ಗುರುಗಳ ಪಟ್ಟಿಯ ಮಾನವೂ ಉಳಿಯುತ್ತದೆ. ಆದರೆ ಲೈಟು ಉರಿಯುತ್ತಲೇ ಇರುತ್ತದೆ. ಸ್ಕೂಲಿನ ಬಾಗಿಲು ಮುಟ್ಟುವ ಹೊತ್ತಿಗೆ ತೀರ್ಮಾನ ಮಾಡಿದ್ದೆ. ಮೊದಲನೇ ದಿನಕ್ಕೆ ವಾಪಸ್ ಹೋಗಬೇಕು, ಅವರಿಗೆ ಹೇಳಿಯೇ ಹೋಗಬೇಕು.

ಒಂದೇ ಕೋಣೆಯ ಆಫೀಸು. ಗೋಡೆಗೆ ರಸ್ತೆ ಚಿಹ್ನೆಗಳ ಪಟ, ಬೆಂಚಿನ ಮೇಲೆ ಐದಾರು ಹೆಂಗಸರು. ಗಾಡಿ ಇಲ್ಲದ್ದಕ್ಕೆ ಮೇಡಂ ಬರೀ ಚಿಹ್ನೆಗಳ ಪಾಠ ನಡೆಸಿದ್ದರು.

“ಹೊರಗೆ ಮಾತಾಡೋಣ್ವಾ ಮೇಡಂ?”

“ಇವರ ಗಾಡಿನೂ ಹೌದು ಅದು. ಇಲ್ಲೇ ಹೇಳಿ.”

ಹೇಳಿದೆ. ಪಂಪು ಸರಿ ಇದೆ, ನನ್ನ ಪಟ್ಟಿ ಸವೆದಿದೆ, ನಾನು ಹೇಳಿದ್ದು ತಪ್ಪು. “ಹಾಗಾದ್ರೆ ಬೇರಿಂಗೇನಾ?” ಅಂತ ಮೇಡಂ ಕೇಳಿದರು.

“ಗೊತ್ತಿಲ್ಲ” ಅಂದೆ. ಆ ಮಾತು ನನ್ನ ಬಾಯಲ್ಲಿ ಬರುವುದು ಕಡಿಮೆ. “ಅವತ್ತು ನೀವೇನೋ ಹೇಳೋಕೆ ಬಂದ್ರಲ್ಲ, ಹ್ಯಾಗೆ ಶುರುವಾಯ್ತು ಅಂತ...”

“ಹ್ಞೂಂ. ಇಂಜಿನ್ ನನಗೇ ಹೇಳುತ್ತೆ ಅಂದ್ರಿ. ಹೇಳ್ತಾ?”

ಬೆಂಚಿನ ತುದಿಯಲ್ಲಿದ್ದ ದಪ್ಪ ಕನ್ನಡಕದ ಹೆಂಗಸು ಶಾಲೆಯ ಮಕ್ಕಳ ಹಾಗೆ ಕೈ ಎತ್ತಿದರು. “ನಾನೇ ಅಣ್ಣ ಅವತ್ತು ಓಡಿಸ್ತಿದ್ದದ್ದು. ಹೊಳೆಹೊನ್ನೂರು ರೋಡಲ್ಲಿ ಎಮ್ಮೆ ಅಡ್ಡ ಬಂತು. ತಪ್ಪಿಸೋಕೆ ಹೋಗಿ ಮೋರಿ ಪಕ್ಕದ ಕಲ್ಲು ಹತ್ತಿಸ್ಬಿಟ್ಟೆ. ಕೆಳಗಿಂದ ಧಡ್ ಅಂತು.”

“ಎಮ್ಮೆಗೆ ಏನೂ ಆಗ್ಲಿಲ್ಲ” ಅಂದರು ಪಕ್ಕದವರು. ಎಲ್ಲರೂ ನಕ್ಕರು.

“ಅದಾಗಿ ಎರಡು ದಿನಕ್ಕೆ ಲೈಟು ಶುರುವಾಯ್ತು. ಅದನ್ನೇ ಹೇಳೋಕೆ ಬಂದಿದ್ದೆ” ಅಂದರು ಮೇಡಂ.

ಚೇಂಬರಿನ ತಗ್ಗು ಕಣ್ಣೆದುರು ಬಂತು. ಬಡಿದು ಸರಿಮಾಡಿ, ಸವರಿ ನೋಡಿ ಪಕ್ಕಕ್ಕಿಟ್ಟಿದ್ದೆನಲ್ಲ, ಆ ತಗ್ಗಿನ ನೇರ ಮೇಲೆಯೇ ಎಣ್ಣೆ ಹೀರುವ ಕೊಳವೆಯ ಬಾಯಿ ಇರುವುದು.

ಹೊರಡುವಾಗ ಮೇಡಂ ಬಾಗಿಲ ತನಕ ಬಂದರು. ದನಿ ತಗ್ಗಿಸಿ, “ದಪ್ಪ ಆಯಿಲ್ ಹಾಕಿದ್ರೆ ಲೈಟು ಬರಲ್ಲ ಅಂತ ಯಾರೋ ಹೇಳಿದ್ರು. ಸೋಮವಾರ ಒಂದು ದಿನದ ಮಟ್ಟಿಗೆ...” ಅಂದರು.

“ಹಾಕಬಹುದು ಮೇಡಂ. ಮಂಗಳವಾರ ಇವರೆಲ್ಲ ಅದರಲ್ಲೇ ಕೂರಬೇಕಲ್ಲ.”

ಅವರು ಒಳಗಿನ ಬೆಂಚಿನ ಕಡೆ ತಿರುಗಿ ನೋಡಿದರು. “ಕೇಳಿದ್ದು ಮರೆತುಬಿಡಿ. ಭಾನುವಾರ ಸಂಜೆ ತನಕ ಕಾಯ್ತೀನಿ. ಆಗಲ್ಲ ಅಂದ್ರೆ ಆಗಲ್ಲ ಅಂತ್ಲೇ ಹೇಳಿ. ಸಾಹೇಬ್ರ ಮುಂದೆ ನಿಂತು ನಾನೇ ಹೇಳ್ತೀನಿ.”

ಶುಕ್ರವಾರ ಮಧ್ಯಾಹ್ನ ಶೆಡ್ಡಿಗೆ ಬಂದು ಅಜ್ಜನ ಪಟ್ಟಿಯಲ್ಲಿ ಹಳೆಯ ಪಂಪನ್ನು ಅಳೆದೆ. ಹತ್ತು. ಚಕ್ರಗಳನ್ನು ತಿರುಗಿಸಿ ನಾಲ್ಕು ಕಡೆ ನೋಡಿದೆ. ಎಲ್ಲೂ ಹನ್ನೊಂದು ಹೋಗಲಿಲ್ಲ. ಹೆಚ್ಚಿನ ಪ್ರೆಶರನ್ನು ಬಿಟ್ಟುಕೊಡುವ ಪುಟ್ಟ ವಾಲ್ವನ್ನೂ ಬಿಚ್ಚಿ ನೋಡಿದೆ. ಅದರ ಉರುಳೆ ತನ್ನ ಭಾರಕ್ಕೆ ತಾನೇ ಜಾರಿ ಕೂತಿತು, ಗೀರಿಲ್ಲ.

ಮುಂದೆ ಬೇರಿಂಗ್. ಚೇಂಬರ್ ಇಳಿದಿದ್ದರಿಂದ ಕೆಳಗಿಂದಲೇ ಮುಚ್ಚಳ ಬಿಚ್ಚಬಹುದಿತ್ತು. ಕ್ರ್ಯಾಂಕಿನ ಮೇಲೆ ಮೆತ್ತನೆಯ ಪ್ಲಾಸ್ಟಿಕ್ ಎಳೆ ಇಟ್ಟು, ಮುಚ್ಚಳವನ್ನು ಲೆಕ್ಕದ ಬಿಗಿಗೆ ಕಟ್ಟಿ, ಮತ್ತೆ ಬಿಚ್ಚಿ, ಚಪ್ಪಟೆಯಾದ ಎಳೆಯ ಅಗಲ ಅಳೆಯುವುದು. ಎಳೆ ಹೆಚ್ಚು ಅಗಲವಾದಷ್ಟೂ ಸಂದು ಕಡಿಮೆ, ಬೇರಿಂಗ್ ಚೆನ್ನಾಗಿದೆ ಅಂತ. ಮೊದಲನೇ ಮುಚ್ಚಳ ಬಿಚ್ಚಿದೆ. ಎಳೆ ಅಗಲವಾಗಿ ಹರಡಿತ್ತು. ನಾಲ್ಕು ಕಡೆ ನೋಡಿದೆ, ನಾಲ್ಕೂ ಮಿತಿಯೊಳಗೆ. ಇಂಜಿನ್ ಇಳಿಸುವುದು ಬೇಡ.

ಉಳಿದದ್ದು ಕೊಳವೆ. ಆಗ ಗೇಜಿನ ಸೂಜಿಯ ನಡುಕ ನೆನಪಾಯಿತು. ಪ್ರೆಶರ್ ಬರೀ ಕಡಿಮೆಯಾದರೆ ಸೂಜಿ ಸುಮ್ಮನೆ ಕೆಳಗಿಳಿಯುತ್ತದೆ. ಎಣ್ಣೆಯ ಜೊತೆ ಗಾಳಿ ಸೇರಿದರೆ ನಡುಗುತ್ತದೆ. ಕೊಳವೆ ಎಲ್ಲೋ ಗಾಳಿ ಎಳೆಯುತ್ತಿತ್ತು.

ಶನಿವಾರ ಬೆಳಿಗ್ಗೆ ಕೊಳವೆಯ ಜಾಲರಿಯ ಬಾಯನ್ನು ಸೈಕಲ್ ಟ್ಯೂಬಿನ ರಬ್ಬರಿನಿಂದ ಕಟ್ಟಿ, ಸೋಪಿನ ನೀರಿನ ಬಕೆಟಿನಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಗಾಳಿ ಬಿಟ್ಟೆ. ಒಂದು ಗುಳ್ಳೆಯೂ ಬರಲಿಲ್ಲ. ತಿರುಗಿಸಿದೆ, ಮತ್ತೆ ಬಿಟ್ಟೆ. ಇಲ್ಲ. ಬಕೆಟಿನ ಮುಂದೆ ಕೂತೇ ಇದ್ದೆ. ಪಂಪಲ್ಲ, ಬೇರಿಂಗಲ್ಲ, ಕೊಳವೆಯೂ ಅಲ್ಲ ಅಂದರೆ ಇನ್ನೇನು? ಮೇಡಂಗೆ ಫೋನ್ ಮಾಡಿ ಆಗಲ್ಲ ಅಂತ ಹೇಳಿಬಿಡೋಣ ಅಂತ ಫೋನ್ ಕೈಗೂ ತೆಗೆದುಕೊಂಡೆ.

ಅವರಿಗೆ ಏನೆಂದು ಹೇಳುವುದು ಅಂತ ಮಾತು ಜೋಡಿಸುವಾಗ, ಅವರೇ ಮೊದಲನೇ ದಿನ ಹೇಳಿದ ಮಾತು ಎದುರು ಬಂತು: ಬಿಸಿಯಾದ ಮೇಲೆ ಲೈಟು ಬರ್ತಿದೆ. ನಾನು ತಣ್ಣೀರಿನಲ್ಲಿ ಪರೀಕ್ಷೆ ಮಾಡುತ್ತಿದ್ದೆ.

ಟೀ ಅಂಗಡಿಯಿಂದ ಒಂದು ಪಾತ್ರೆ ಕುದಿಯುವ ನೀರು ತರಿಸಿದೆ. ಕೊಳವೆಯನ್ನು ಅದರಲ್ಲಿ ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಹಿಡಿದು, ಗಾಳಿ ಬಿಡುತ್ತ, ಕಲ್ಲು ದೂಡಿದ ದಿಕ್ಕಿಗೆ ಸ್ವಲ್ಪ ಒತ್ತಿದೆ. ಪಂಪಿಗೆ ಸೇರುವ ತುದಿಯಲ್ಲಿ, ಕೊಳವೆಯನ್ನು ಚಪ್ಪಟೆ ತಗಡಿಗೆ ಬೆಸೆದ ಜಾಗದಿಂದ, ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಉಗುರಿನಲ್ಲಿ ಕೆರೆದರೂ ಸಿಗದಂಥ, ಕಾದಾಗ ಮಾತ್ರ ಬಾಯಿ ಬಿಡುವ ಬಿರುಕು. ಶೆಡ್ಡಿನಲ್ಲಿ ಒಬ್ಬನೇ ಇದ್ದೆ. ಆದರೂ “ಸಿಕ್ತು!” ಅಂತ ಗಟ್ಟಿಯಾಗಿ ಕೂಗಿದೆ. ಪಕ್ಕದ ಶೆಡ್ಡಿನವರು ಇಣುಕಿ ನೋಡಿದರು.

ದಪ್ಪ ಎಣ್ಣೆ ಹಾಕಿದ್ದರೆ ಪಂಪು ಇನ್ನೂ ಜೋರಾಗಿ ಎಳೆಯಬೇಕಾಗಿ, ಇನ್ನೂ ಹೆಚ್ಚು ಗಾಳಿ ಹೀರುತ್ತಿತ್ತು.

ಬಿರುಕನ್ನು ಉಜ್ಜಿ ಚೊಕ್ಕ ಮಾಡಿ ಗ್ಯಾಸಿನಲ್ಲಿ ಹಿತ್ತಾಳೆ ಬೆಸುಗೆ ಹಾಕಿದೆ. ಮತ್ತೆ ಕುದಿನೀರು, ಮತ್ತೆ ಗಾಳಿ. ಗುಳ್ಳೆ ಇಲ್ಲ. ಕೊಳವೆ ಪಂಪಿಗೆ ಸೇರುವಲ್ಲಿ ಗಟ್ಟಿಯಾಗಿ ಹೋಗಿದ್ದ ರಬ್ಬರ್ ರಿಂಗನ್ನೂ ಬದಲಾಯಿಸಿದೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹಳೆಯ ಪಂಪು, ಚೇಂಬರ್, ಬೆಲ್ಟು ಎಲ್ಲ ಕೂತು, ಕಂಪನಿ ಹೇಳಿದ ತೆಳು ಎಣ್ಣೆಯೇ ತುಂಬಿ, ಇಂಜಿನ್ ಒಂದು ಗಂಟೆ ಓಡಿತು. ಸೂಜಿ ಒಂದೂವರೆಯಲ್ಲಿ ನಿಂತಿತ್ತು. ನಡುಗಲಿಲ್ಲ.

ಅಲ್ಲಿಂದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಮೂರು ಪಂಪುಗಳನ್ನು ಮತ್ತೆ ಅಟ್ಟಕ್ಕೆ ಸೇರಿಸುವಾಗ ಭಾಯಿ ಏನೂ ಕೇಳಲಿಲ್ಲ. ಅವರು ಕೇಳಿದ್ದರೇ ವಾಸಿಯಿತ್ತು. “ನೀವು ಹೇಳಿದ್ದೇ ಸರಿ, ಪಟ್ಟಿಯದೇ ತಪ್ಪು” ಅಂದೆ. “ಪಟ್ಟಿಯದೇನು ತಪ್ಪು ಭಾಯ್” ಅಂದರು ಅವರು, ಡಬ್ಬಿಗಳಿಗೆ ಟೇಪು ಹಚ್ಚುತ್ತ.

ಆ ಮಾತು ಮನಸ್ಸಿನಲ್ಲಿ ಕೂತಿತು. ಆ ಪಟ್ಟಿ ಇಟ್ಟು ನಾನು ಎಷ್ಟು ಒಳ್ಳೆಯ ಪಂಪುಗಳನ್ನು ಗುಜರಿಗೆ ಹಾಕಿದ್ದೆ? ನೆನಪಿದ್ದವರಿಗೆ ಫೋನ್ ಮಾಡಿದೆ. ಕುಂಸಿಯ ಒಬ್ಬರು ಪೂರ್ತಿ ಕೇಳಿ, “ಆ ಗಾಡಿನೇ ಮಾರಿಬಿಟ್ಟೆ ಮಾರಾಯ. ಈಗ ಯಾಕೆ ನೆನಪು ಮಾಡ್ತೀಯ, ಅದು ಚೆನ್ನಾಗಿತ್ತು ಅಂತ ಹೊಟ್ಟೆ ಉರಿಸೋಕಾ?” ಅಂದರು. ಇನ್ನಿಬ್ಬರು ನನಗೇ ಸಮಾಧಾನ ಹೇಳಿದರು. ಅದನ್ನು ಕೇಳಿಸಿಕೊಳ್ಳುವುದು ಬೈಗುಳಕ್ಕಿಂತ ಕಷ್ಟವಾಯಿತು.

ಭಾನುವಾರ ಸಂಜೆ ಮೇಡಂ ಬಸ್ಸಿನಲ್ಲಿ ಬಂದು, ಗೇಜ್ ನೋಡಿ, ತಾವೇ ಕಾರು ಓಡಿಸಿಕೊಂಡು ಹೋದರು. ಹಗ್ಗ ಡಿಕ್ಕಿಯಲ್ಲೇ ಇತ್ತು.

ಸೋಮವಾರ ಹನ್ನೊಂದು ಗಂಟೆಗೆ ಅವರ ಫೋನ್ ಬಂತು. “ಸಾಹೇಬ್ರು ಬಂದಿದಾರೆ. ಅರ್ಧ ಗಂಟೆಯಿಂದ ಬಿಸಿಲಲ್ಲಿ ಎಸಿ ಹಾಕಿ ನಿಲ್ಲಿಸೇ ಓಡಿಸ್ತಿದೀನಿ. ಫೋನು ಇಲ್ಲೇ ಇಡ್ತೀನಿ, ನೀವೂ ಕೇಳಿಸ್ಕೊಳ್ಳಿ” ಅಂತ ಪಿಸುಮಾತಿನಲ್ಲಿ ಹೇಳಿ, ಫೋನನ್ನು ಕಾರಿನೊಳಗೇ ಇಟ್ಟರು.

ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಕೇಳುತ್ತ ನಿಂತೆ. ಫ್ಯಾನ್ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಯಾರೋ ಎಡಗಡೆಯ ಕ್ಲಚ್ಚು, ಬ್ರೇಕು ಒತ್ತಿ ನೋಡಿದರು. ಬಾಗಿಲು ತೆಗೆದರು, ಹಾಕಿದರು. ಇಂಜಿನ್ ಒಂದೇ ದನಿಯಲ್ಲಿ ಓಡುತ್ತಿತ್ತು. ಲೈಟು ಕೇಳಿಸುವ ವಸ್ತುವಲ್ಲ, ಆದರೂ ಕಿವಿ ಅದನ್ನೇ ಹುಡುಕುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಗಂಡು ದನಿಯೊಂದು, “ಸಾಕಮ್ಮ, ಆಫ್ ಮಾಡಿ. ಎಲ್ಲಿ, ಪುಸ್ತಕ ಕೊಡಿ, ಸೈನ್ ಹಾಕ್ತೀನಿ” ಅಂದಿತು.

ಇಂಜಿನ್ ನಿಂತಿತು. ಕಾಗದ ಸರಿದ ಸದ್ದು, ದೂರ ಹೋಗುವ ಬೂಟಿನ ಸದ್ದು. ಮೇಡಂ ಫೋನ್ ಎತ್ತಿಕೊಂಡು ಮಾತಾಡುತ್ತಾರೆ ಅಂತ ಕಾದೆ. ಅವರಿಗೆ ನನ್ನ ನೆನಪೇ ಇರಲಿಲ್ಲ. ಕಾರಿನ ಹೊರಗಿಂದ ಅವರ ದನಿ ಗಟ್ಟಿಯಾಗಿ ಕೇಳಿಸಿತು:

“ಬನ್ರೇ, ಬನ್ರೇ! ಒಂದು ವಾರದ ಪಾಠ ಬಾಕಿ ಇದೆ. ಮೊದಲು ಯಾರು ಕೂರೋದು?”